ಬಡ್ಡಿಯ ಸಾಲವಿಲ್ಲದೆ ಮನೆ ಕಟ್ಟಿಸಿದ ಖಜಾಂಚಿ: ಹ್ಯೂಗೋ ಬ್ರೈಟ್ನರ್



ಮನೆ ಕಟ್ಟುವ ಮಾತು ಬಂದ ಕೂಡಲೇ ಸಾಲದ ಮಾತು ಬರುತ್ತದೆ, ಸಾಲದ ಬೆನ್ನಿಗೆ ಬಡ್ಡಿ ಬರುತ್ತದೆ. ಬಡ್ಡಿಗೆ ಅಂಜಿ ಆಯುಷ್ಯವೆಲ್ಲ ಬಾಡಿಗೆ ಮನೆಯಲ್ಲೇ ಕಳೆದ ಹಿರಿಯರು ನಿಮ್ಮ ಬಂಧುಬಳಗದಲ್ಲೂ ಇರಬಹುದು. ಒಬ್ಬ ಮನುಷ್ಯನ ಪಾಡು ಹೀಗಿರುವಾಗ, ಒಂದು ನಗರವೇ ಬಡವರ ಮನೆಗಳಿಗಾಗಿ ಸಾಲವೆತ್ತದೆ, ಹತ್ತು ಹನ್ನೊಂದು ವರ್ಷಗಳಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚು ಮನೆಗಳನ್ನು ಕಟ್ಟಿತು ಎಂದರೆ ನಂಬುವಿರಾ? ಇದು ಖಲೀಫರ ಕಾಲದ ಕಥೆಯಲ್ಲ. ಕಳೆದ ಶತಮಾನದಲ್ಲಿ ಯೂರೋಪಿನ ವಿಯೆನ್ನಾ ನಗರದಲ್ಲಿ ನಡೆದದ್ದು. ಅದರ ಲೆಕ್ಕ ಬರೆದವರು ಹ್ಯೂಗೋ ಬ್ರೈಟ್ನರ್. ಅವರು ನಮ್ಮ ದೇಶದವರಲ್ಲ, ನಮ್ಮ ಧರ್ಮದವರೂ ಅಲ್ಲ. ಆದರೆ ಒಳ್ಳೆಯ ವಿದ್ಯೆ ಎಲ್ಲಿದ್ದರೂ ಅರಸಿ ಹೋಗಬೇಕೆಂದೇ ನಮ್ಮ ಹಿರಿಯರು ನಮಗೆ ಕಲಿಸಿದ್ದಾರಲ್ಲವೇ?

ಇತಿಹಾಸದ ಪಾಠದಲ್ಲಿ ನೀವು ವಿಯೆನ್ನಾದ ಹೆಸರನ್ನು ಓದಿರುತ್ತೀರಿ. ಉಸ್ಮಾನಿ ತುರ್ಕರು 1529ರಲ್ಲಿ ಒಮ್ಮೆ, 1683ರಲ್ಲಿ ಮತ್ತೊಮ್ಮೆ ಮುತ್ತಿಗೆ ಹಾಕಿ ಗೆಲ್ಲಲಾಗದೆ ಹಿಂದಿರುಗಿದ ನಗರ ಅದು. ಬ್ರೈಟ್ನರ್ ಅಲ್ಲಿ 1873ರ ನವೆಂಬರ್ 9ರಂದು ಒಂದು ಯಹೂದಿ ಕುಟುಂಬದಲ್ಲಿ ಜನಿಸಿದರು. ವಾಣಿಜ್ಯ ವಿದ್ಯೆ ಕಲಿತು ಲ್ಯಾಂಡರ್ ಬ್ಯಾಂಕ್ ಎಂಬ ದೊಡ್ಡ ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರಿದರು. ಬ್ಯಾಂಕ್ ನೌಕರರ ಸಂಘಟನೆಯಲ್ಲೂ ದುಡಿದರು. ಒಂದೊಂದೇ ಮೆಟ್ಟಿಲು ಹತ್ತಿ ಕೊನೆಗೆ ಅದೇ ಬ್ಯಾಂಕಿನ ನಿರ್ದೇಶಕರಲ್ಲಿ ಒಬ್ಬರಾದರು. ಬಡ್ಡಿ ಎಂದರೇನು, ಅದು ಹೇಗೆ ಬೆಳೆಯುತ್ತದೆ, ಕೊನೆಗೆ ಯಾರ ಜೇಬಿನಿಂದ ಹೊರಡುತ್ತದೆ ಎಂಬುದನ್ನು ಅವರು ಪುಸ್ತಕದಿಂದಲ್ಲ, ಬ್ಯಾಂಕಿನ ಒಳಗೇ ಕುಳಿತು ಕಲಿತರು. ಇದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಆಗಿನ ವಿಯೆನ್ನಾದ ಬಡವರ ಮನೆಗಳ ಸ್ಥಿತಿ ಹೇಗಿತ್ತು ಗೊತ್ತೇ? ಹೊರಗಿನಿಂದ ನೋಡಿದರೆ ಅರಮನೆಯಂತಹ ಕಟ್ಟಡಗಳು. ಒಳಗೆ ಒಂದು ಅಡುಗೆಮನೆ, ಒಂದು ಕೋಣೆ. ನೀರಿನ ನಲ್ಲಿ, ಶೌಚಾಲಯ ಎರಡೂ ಹೊರಗಿನ ಓಣಿಯಲ್ಲಿ, ಹಲವು ಮನೆಗಳಿಗೆ ಸೇರಿ ಒಂದೊಂದು. ಅಷ್ಟರಲ್ಲೇ ಬಾಡಿಗೆ ತುಂಬಲಾಗದ ಸಂಸಾರಗಳು ಮನೆಯೊಳಗಿನ ಹಾಸಿಗೆಯನ್ನೂ ಬಾಡಿಗೆಗೆ ಬಿಡುತ್ತಿದ್ದವು. ರಾತ್ರಿ ಪಾಳಿಯವನು ಹಗಲು ಮಲಗಿ ಎದ್ದು ಹೋದರೆ, ಹಗಲು ಪಾಳಿಯವನು ಬಂದು ಅದೇ ಹಾಸಿಗೆಯಲ್ಲಿ ರಾತ್ರಿ ಮಲಗುವನು. ಕ್ಷಯರೋಗ ಎಷ್ಟು ಹಬ್ಬಿತ್ತೆಂದರೆ ಅದಕ್ಕೆ ವಿಯೆನ್ನಾದ ಕಾಯಿಲೆ ಎಂದೇ ಹೆಸರು ಬಂದಿತ್ತು.

ಮೊದಲನೆಯ ಮಹಾಯುದ್ಧ ಮುಗಿದು 1918ರಲ್ಲಿ ಸಾಮ್ರಾಜ್ಯವೇ ಕುಸಿಯಿತು. ಮರುವರ್ಷದ ಚುನಾವಣೆಯಲ್ಲಿ ಸಮಾಜವಾದಿ ಪಕ್ಷ ನಗರಸಭೆಯಲ್ಲಿ ಬಹುಮತ ಪಡೆಯಿತು. ಬ್ರೈಟ್ನರ್ ಆ ಪಕ್ಷದ ಸದಸ್ಯರಾಗಿ ಸಭೆಗೆ ಬಂದರು. 1920ರಿಂದ 1932ರವರೆಗೆ ನಗರದ ಹಣಕಾಸು ಅವರ ಕೈಯಲ್ಲಿತ್ತು. ಖಜಾನೆ ಖಾಲಿಯಾಗಿತ್ತು. ಹಣದ ಬೆಲೆ ದಿನದಿನಕ್ಕೆ ಇಳಿಯುತ್ತಿತ್ತು. ಯುದ್ಧಕಾಲದಲ್ಲಿ ಬಾಡಿಗೆ ಏರಿಸಬಾರದೆಂದು ಮಾಡಿದ ಕಾನೂನು ಇನ್ನೂ ಜಾರಿಯಲ್ಲಿತ್ತು. ಅದರಿಂದ ಬಾಡಿಗೆದಾರರು ಬದುಕಿದರು ನಿಜ, ಆದರೆ ಲಾಭವಿಲ್ಲದ ಕೆಲಸಕ್ಕೆ ಯಾವ ಮಾಲೀಕ ಕೈಹಾಕುತ್ತಾನೆ? ಖಾಸಗಿಯವರು ಹೊಸ ಮನೆ ಕಟ್ಟುವುದನ್ನೇ ನಿಲ್ಲಿಸಿದರು.

ಈ ಸಂಕಟದ ನಡುವೆ ಒಂದು ಅನುಕೂಲವೂ ಒದಗಿತು. 1922ರ ಜನವರಿ 1ರಂದು ವಿಯೆನ್ನಾ ಆಸ್ಟ್ರಿಯಾದೊಳಗೆ ಪ್ರತ್ಯೇಕ ರಾಜ್ಯವಾಯಿತು. ಅಂದರೆ ನಗರಕ್ಕೆ ತನ್ನದೇ ತೆರಿಗೆಗಳನ್ನು ಹಾಕುವ ಅಧಿಕಾರ ಸಿಕ್ಕಿತು. ಬ್ರೈಟ್ನರ್ ಕಾದಿದ್ದು ಇದಕ್ಕೇ ಇರಬೇಕು.

1923ರಲ್ಲಿ ಅವರು ಮನೆ ನಿರ್ಮಾಣ ತೆರಿಗೆಯನ್ನು ತಂದರು. ಇದರ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ಓದಿ, ಏಕೆಂದರೆ ಇಡೀ ಕಥೆಯ ಬೇರು ಇಲ್ಲಿದೆ. ಪ್ರತಿಯೊಂದು ಮನೆಗೆ, ಅಂಗಡಿಗೆ ಯುದ್ಧಕ್ಕೆ ಮುಂಚೆ ಎಷ್ಟು ಬಾಡಿಗೆ ಇತ್ತೋ ಅದನ್ನು ಅಳತೆಗೋಲಾಗಿ ಇಟ್ಟುಕೊಂಡರು. ಕಾರ್ಮಿಕನ ಸಣ್ಣ ಮನೆಗೆ ಅದರಲ್ಲಿ ಸುಮಾರು ಶೇ. 2ರಷ್ಟು ತೆರಿಗೆ. ಮನೆ ದೊಡ್ಡದಾದಂತೆ ದರವೂ ಏರುತ್ತ ಹೋಗಿ, ಭಾರಿ ಬಂಗಲೆಗಳಿಗೆ ಸುಮಾರು ಶೇ. 37ರವರೆಗೆ. ಫಲಿತಾಂಶವನ್ನು ಕಪ್ಪುಹಲಗೆಯ ಮೇಲೆ ಬರೆಯುವಂತೆ ಹೇಳುತ್ತೇನೆ. ನಗರದ ಸಾವಿರ ಮನೆ ಮಳಿಗೆಗಳನ್ನು ಸಾಲಾಗಿ ನಿಲ್ಲಿಸಿದರೆ, ಅವುಗಳಲ್ಲಿ ಅತಿ ದುಬಾರಿಯಾದ ಐದು ಮಾತ್ರವೇ ಒಟ್ಟು ತೆರಿಗೆಯಲ್ಲಿ ನೂರಕ್ಕೆ ಸುಮಾರು 45 ಪಾಲು ಕೊಟ್ಟವು! ಉಳಿದ ಒಂಬೈನೂರ ತೊಂಬತ್ತೈದು ಸೇರಿ ಮಿಕ್ಕ ಪಾಲನ್ನು ಕೊಟ್ಟವು.

ಓದುಗರಲ್ಲಿ ಕೆಲವರಿಗೆ ಈಗ ಝಕಾತ್ ನೆನಪಿಗೆ ಬಂದಿರಬಹುದು. ನನಗೂ ಬಂತು. ಆದರೆ ಎರಡನ್ನೂ ಒಂದೇ ಎನ್ನುವುದು ಸರಿಯಲ್ಲ. ಝಕಾತ್ ಇಬಾದತ್, ತೆರಿಗೆ ಕಾನೂನು. ಝಕಾತಿನಲ್ಲಿ ನಿಸಾಬ್ ಇಲ್ಲದ ಬಡವ ಏನನ್ನೂ ಕೊಡಬೇಕಾಗಿಲ್ಲ, ಅದನ್ನು ದಾಟಿದವನಿಗೆ ನಲವತ್ತರಲ್ಲಿ ಒಂದು ಪಾಲು ಎಂಬ ದರ ನಿಶ್ಚಿತ. ಬ್ರೈಟ್ನರರ ತೆರಿಗೆಯಲ್ಲಿ ಬಡವನೂ ಚಿಲ್ಲರೆ ಕೊಡಬೇಕಿತ್ತು, ಸಿರಿವಂತನಿಗೆ ದರವೇ ಏರುತ್ತಿತ್ತು. ಉಳ್ಳವನ ಸಂಪತ್ತಿನಲ್ಲಿ ಇಲ್ಲದವನ ಹಕ್ಕು ಇದೆ ಎಂಬ ತಿಳಿವಳಿಕೆಯಷ್ಟೇ ಎರಡಕ್ಕೂ ಸಮಾನ.

ಈ ಒಂದು ತೆರಿಗೆಯಿಂದಲೇ ಎಲ್ಲ ಮನೆಗಳ ಖರ್ಚೂ ಹುಟ್ಟಲಿಲ್ಲ. ಅರ್ಧಕ್ಕಿಂತ ಕಡಿಮೆ ಇದರಿಂದ ಬಂತು, ಉಳಿದದ್ದು ನಗರದ ಬೇರೆ ಆದಾಯದಿಂದ. ಆ ಬೇರೆ ಆದಾಯವೂ ಸ್ವಾರಸ್ಯಕರ. ಮೋಟಾರು ಕಾರಿಗೆ ತೆರಿಗೆ, ಕುದುರೆ ಜೂಜಿಗೆ ತೆರಿಗೆ, ಮೋಜಿನ ಕೂಟಗಳಿಗೆ ತೆರಿಗೆ, ಐಷಾರಾಮಿ ಹೋಟೆಲಿನ ಊಟಕ್ಕೆ ತೆರಿಗೆ, ಒಬ್ಬರಿಗಿಂತ ಹೆಚ್ಚು ಮನೆಯಾಳುಗಳನ್ನು ಇಟ್ಟುಕೊಂಡರೆ ಅದಕ್ಕೂ ತೆರಿಗೆ. ಯಾವ ಹಣ ಎಲ್ಲಿಗೆ ಹೋಗುತ್ತದೆ ಎಂದು ಬ್ರೈಟ್ನರ್ ಜನರಿಗೆ ಬಿಡಿಸಿ ಹೇಳುತ್ತಿದ್ದರು. ಶಾಲಾ ಮಕ್ಕಳ ದಂತ ಚಿಕಿತ್ಸಾಲಯಗಳ ಖರ್ಚು ನಗರದ ನಾಲ್ಕು ದೊಡ್ಡ ಮಿಠಾಯಿ ಅಂಗಡಿಗಳ ತೆರಿಗೆಯಿಂದ, ಶಾಲಾ ವೈದ್ಯರ ಸಂಬಳ ಸಾಖರ್ ಎಂಬ ಹೆಸರಾಂತ ಹೋಟೆಲಿನ ತೆರಿಗೆಯಿಂದ ಎಂಬುದು ಅವರ ಲೆಕ್ಕ. ಸಿಹಿ ತಿಂದು ಹಲ್ಲು ಹಾಳಾದರೆ ಸಿಹಿ ಮಾರಿದವರ ಹಣದಲ್ಲೇ ರಿಪೇರಿ! ಗಣಿತದ ಮೇಷ್ಟರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಈಗ ಬಡ್ಡಿಯ ವಿಷಯಕ್ಕೆ ಬರೋಣ. ಮನೆಗಳಿಗಾಗಿ ಸಾಲ ತೆಗೆಯಬಾರದು ಎಂಬುದು ಬ್ರೈಟ್ನರರ ನಿಯಮವಾಗಿತ್ತು. ಆಯಾ ವರ್ಷದ ತೆರಿಗೆಯಲ್ಲಿ ಆಯಾ ವರ್ಷದ ಮನೆ. ಅವರು ಇದನ್ನು ಧರ್ಮದ ಕಾರಣದಿಂದ ಮಾಡಲಿಲ್ಲ, ಹಾಗೆಂದು ಹೇಳಿದರೆ ಸುಳ್ಳಾಗುತ್ತದೆ. ಅವರದು ಬ್ಯಾಂಕಿನವನ ಲೆಕ್ಕ. ಸಾಲದ ಹಣದಲ್ಲಿ ಕಟ್ಟಿದ ಮನೆಯ ಬಾಡಿಗೆಯಲ್ಲಿ ದೊಡ್ಡ ಪಾಲು ಬಡ್ಡಿಯೇ ಇರುತ್ತದೆ, ಅದನ್ನು ತಿಂಗಳು ತಿಂಗಳೂ ಕಟ್ಟುವವನು ಒಳಗೆ ವಾಸಿಸುವ ಬಡವನೇ. ಮೊದಲಿನಿಂದಲೇ ಬಡ್ಡಿ ಇಲ್ಲದಿದ್ದರೆ ಬಾಡಿಗೆ ಎಂದರೆ ಕಟ್ಟಡದ ದುರಸ್ತಿ, ನಿರ್ವಹಣೆಯ ವೆಚ್ಚ ಅಷ್ಟೇ. ವಿಯೆನ್ನಾದಲ್ಲಿ ನಡೆದದ್ದೂ ಅದೇ. ಹೊಸ ಮನೆಯ ಬಾಡಿಗೆ ಒಬ್ಬ ಕಾರ್ಮಿಕನ ಆದಾಯದಲ್ಲಿ ನೂರಕ್ಕೆ ಸುಮಾರು ನಾಲ್ಕು ಮಾತ್ರ. ವರ್ಷದ ನಡುವೆ ಟಿ.ಸಿ. ಕೇಳಿಕೊಂಡು ಶಾಲೆಗೆ ಬರುವ ತಂದೆತಾಯಿಯರನ್ನು ನಾನು ಪ್ರತಿವರ್ಷ ನೋಡುತ್ತೇನೆ. ಕಾರಣ ಕೇಳಿದರೆ ತಲೆ ತಗ್ಗಿಸಿ, ಬಾಡಿಗೆ ಹೆಚ್ಚಾಯಿತು, ಬೇರೆ ಕಡೆ ಹೋಗುತ್ತಿದ್ದೇವೆ ಎನ್ನುತ್ತಾರೆ. ಆ ಮಕ್ಕಳಲ್ಲಿ ಎಷ್ಟು ಜನ ಮುಂದೆ ಬೇರೆ ಶಾಲೆ ಸೇರುತ್ತಾರೋ ಅಲ್ಲಾಹನೇ ಬಲ್ಲ. ಆದ್ದರಿಂದ ನೂರಕ್ಕೆ ನಾಲ್ಕು ಎಂಬ ಅಂಕಿ ನನಗೆ ಬರಿಯ ಅಂಕಿಯಾಗಿ ಕಾಣುವುದಿಲ್ಲ.

1923ರಲ್ಲೇ ಐದು ವರ್ಷಗಳಲ್ಲಿ 25,000 ಮನೆ ಕಟ್ಟುವ ಯೋಜನೆ ಹಾಕಿದರು. ಅವಧಿಗೆ ಮುಂಚೆಯೇ ಅದು ಮುಗಿಯಿತು. ಮತ್ತೆ ಹೊಸ ಯೋಜನೆ. 1934ರ ಹೊತ್ತಿಗೆ ಸುಮಾರು 64,000 ಮನೆಗಳು ಎದ್ದು ನಿಂತಿದ್ದವು. ಪ್ರತಿ ಮನೆಯೊಳಗೇ ನೀರು, ಪ್ರತಿ ಮನೆಯೊಳಗೇ ಶೌಚಾಲಯ. ಮನೆ ಕೊಡುವಾಗ ಶಿಫಾರಸಿಗಿಂತ ಅಂಕಪಟ್ಟಿಗೆ ಬೆಲೆ. ಇಕ್ಕಟ್ಟಿನಲ್ಲಿರುವವರಿಗೆ ಇಷ್ಟು ಅಂಕ, ಯುದ್ಧದಲ್ಲಿ ಅಂಗವಿಕಲರಾದವರಿಗೆ ಇಷ್ಟು, ಮಕ್ಕಳಿದ್ದರೆ ಇಷ್ಟು ಎಂದು ಲೆಕ್ಕ ಹಾಕಿ ಹಂಚಿದರು. ಇವುಗಳಲ್ಲಿ ಬಹು ಪ್ರಸಿದ್ಧವಾದದ್ದು 1930ರಲ್ಲಿ ಉದ್ಘಾಟನೆಯಾದ ಕಾರ್ಲ್ ಮಾರ್ಕ್ಸ್ ಹೋಫ್. ಒಂದು ಕಿಲೋಮೀಟರಿಗಿಂತ ಉದ್ದದ ಕಟ್ಟಡ, 1,382 ಮನೆಗಳು. ನಿವೇಶನದ ಐದನೇ ಒಂದು ಭಾಗಕ್ಕಿಂತ ಕಡಿಮೆ ಜಾಗದಲ್ಲಿ ಕಟ್ಟಡ ನಿಲ್ಲಿಸಿ ಉಳಿದದ್ದನ್ನು ಅಂಗಳಕ್ಕೆ, ಮರಗಿಡಗಳಿಗೆ ಬಿಟ್ಟರು. ಬಟ್ಟೆ ಒಗೆಯುವ ಮನೆಗಳು, ಸ್ನಾನಗೃಹಗಳು, ಶಿಶುವಿಹಾರ, ಗ್ರಂಥಾಲಯ, ದಂತ ಚಿಕಿತ್ಸಾಲಯ ಎಲ್ಲವೂ ಅಲ್ಲೇ.

ಎಲ್ಲವೂ ಸರಿಯಾಗಿತ್ತು ಎಂದು ನಾನು ಹೇಳಲಾರೆ. ಮೊದಲ ಯೋಜನೆಯ ನಾಲ್ಕರಲ್ಲಿ ಮೂರು ಮನೆಗಳು ಕೇವಲ 38 ಚದರ ಮೀಟರಿನವು. ಮಕ್ಕಳು ನಾಲ್ಕೈದು ಇದ್ದ ಸಂಸಾರಕ್ಕೆ ಅದೆಲ್ಲಿ ಸಾಕು? ಖಾಸಗಿ ಮನೆ ನಿರ್ಮಾಣವನ್ನು ತೆರಿಗೆಯೇ ಕೊಂದಿತು ಎಂದು ವಿರೋಧಿಗಳು ದೂರಿದರು, ಅದರಲ್ಲೂ ಒಂದಿಷ್ಟು ಸತ್ಯವಿದ್ದೀತು. ಆದರೆ ಅವರ ಟೀಕೆ ಲೆಕ್ಕದ ಹಂತದಲ್ಲಿ ನಿಲ್ಲಲಿಲ್ಲ. ತೆರಿಗೆಯ ಮೇಲಿನ ಸಿಟ್ಟು ತೆರಿಗೆ ಹಾಕಿದವನ ಹುಟ್ಟಿನ ಮೇಲೆ ತಿರುಗಿತು. ಪತ್ರಿಕೆಗಳಲ್ಲಿ ನಿಂದನೆ, ಭಾಷಣಗಳಲ್ಲಿ ಜಾತಿಯ ಹೀಯಾಳಿಕೆ. 1930ರಲ್ಲಿ ಹೈಮ್‌ವೆರ್ ಎಂಬ ಸಶಸ್ತ್ರ ಸಂಘಟನೆಯ ನಾಯಕ ಸ್ಟಾರೆಂಬರ್ಗ್ ತುಂಬಿದ ಸಭೆಯಲ್ಲಿ ಬ್ರೈಟ್ನರರನ್ನು ಏಷ್ಯಾದವನೆಂದು ಜರೆದು, ಅವನ ತಲೆ ಉರುಳಿದರೇ ನಮಗೆ ಜಯ ಎಂದು ಸಾರಿದ. ವಿಯೆನ್ನಾದಲ್ಲೇ ಹುಟ್ಟಿ ಬೆಳೆದವರು ಒಂದು ಭಾಷಣದಲ್ಲಿ ಪರಕೀಯರಾದರು. ಇದನ್ನು ಓದುವಾಗ ನಿಮಗೇನನ್ನಿಸುತ್ತದೆಯೋ ಅದನ್ನು ನಿಮಗೇ ಬಿಡುತ್ತೇನೆ.

ಕೇಂದ್ರ ಸರ್ಕಾರವು ನಗರಕ್ಕೆ ಬರಬೇಕಾದ ತೆರಿಗೆಯ ಪಾಲನ್ನು ಕಡಿತ ಮಾಡಿತು. ಜಗತ್ತಿನ ಆರ್ಥಿಕ ಕುಸಿತವೂ ಸೇರಿಕೊಂಡಿತು. ಆರೋಗ್ಯ ಕೆಟ್ಟ ಬ್ರೈಟ್ನರ್ 1932ರಲ್ಲಿ ಅಧಿಕಾರ ಬಿಟ್ಟರು. ಅವರ ಜಾಗಕ್ಕೆ ರಾಬರ್ಟ್ ಡಾನೆಬರ್ಗ್ ಬಂದರು. 1934ರ ಫೆಬ್ರವರಿಯಲ್ಲಿ ಅಂತರ್ಯುದ್ಧ ಹೊತ್ತಿಕೊಂಡಾಗ ಸರ್ಕಾರದ ಸೈನ್ಯ ಕಾರ್ಲ್ ಮಾರ್ಕ್ಸ್ ಹೋಫ್‌ನ ಮೇಲೆ ಫಿರಂಗಿ ಹಾರಿಸಿತು. ಸಂಸಾರಗಳು ಒಳಗಿದ್ದ ಮನೆಗಳು ಅವು. ಮೇಯರ್ ಕಾರ್ಲ್ ಝೈಟ್ಸ್ ಅವರನ್ನು ಸೆರೆಹಿಡಿದರು, ಬ್ರೈಟ್ನರರನ್ನೂ ಬಂಧಿಸಿದರು. 1938ರಲ್ಲಿ ಹಿಟ್ಲರನ ಸೈನ್ಯ ಆಸ್ಟ್ರಿಯಾವನ್ನು ನುಂಗಿತು. ಡಾನೆಬರ್ಗ್ ಸಿಕ್ಕಿಬಿದ್ದು 1942ರಲ್ಲಿ ಆಶ್ವಿಟ್ಸ್‌ನಲ್ಲಿ ಹತರಾದರು. ಬ್ರೈಟ್ನರ್ ದೇಶ ಬಿಟ್ಟು ಕೊನೆಗೆ ಅಮೆರಿಕ ಸೇರಿದರು. ಲಕ್ಷಾಂತರ ಜನರಿಗೆ ಸೂರು ಒದಗಿಸಿದವರು ಇಳಿವಯಸ್ಸಿನಲ್ಲಿ ಸ್ವಂತ ಊರಿಲ್ಲದವರಾದರು. ಯುದ್ಧ ಮುಗಿದ ಮೇಲೆ ವಿಯೆನ್ನಾಕ್ಕೆ ಮರಳುವ ಆಸೆಯಲ್ಲಿದ್ದಾಗ, 1946ರ ಮಾರ್ಚ್ 5ರಂದು ಕ್ಯಾಲಿಫೋರ್ನಿಯಾದ ಕ್ಲೇರ್‌ಮಾಂಟ್ ಎಂಬಲ್ಲಿ ತೀರಿಕೊಂಡರು. ಆಗ ಅವರಿಗೆ 72 ವರ್ಷ.

ಯುದ್ಧಾನಂತರ ನಗರಸಭೆ ಮತ್ತೆ ಮನೆ ಕಟ್ಟಲು ಆರಂಭಿಸಿತು. ಪೆನ್ಸಿಂಗ್ ಎಂಬ ಭಾಗದಲ್ಲಿ ಸಾವಿರಕ್ಕೂ ಹೆಚ್ಚು ಮನೆಗಳಿರುವ ಒಂದು ವಸತಿ ಸಮುಚ್ಚಯಕ್ಕೆ ಬ್ರೈಟ್ನರರ ಹೆಸರಿಟ್ಟಿದ್ದಾರೆ. ಇಂದು ವಿಯೆನ್ನಾ ನಗರದ ಒಡೆತನದಲ್ಲಿ ಸುಮಾರು 2,20,000 ಬಾಡಿಗೆ ಮನೆಗಳಿವೆ. ಅವರ ಕಾಲದಲ್ಲಿ ಕಟ್ಟಿದ ಕಟ್ಟಡಗಳೂ ಉಳಿದಿವೆ, ಒಳಗೆ ಜನ ವಾಸಿಸುತ್ತಿದ್ದಾರೆ. ಅವುಗಳಲ್ಲಿ ಹಲವುಗಳ ಗೋಡೆಯ ಮೇಲೆ ಇದನ್ನು ವಿಯೆನ್ನಾ ನಗರಸಭೆಯು ಮನೆ ನಿರ್ಮಾಣ ತೆರಿಗೆಯ ಹಣದಿಂದ ಕಟ್ಟಿತು ಎಂಬ ಬರಹ ದೊಡ್ಡ ಅಕ್ಷರಗಳಲ್ಲಿದೆ, ಜೊತೆಗೆ ಕಟ್ಟಿದ ವರ್ಷವೂ ಇದೆ. ಖಜಾಂಚಿಯ ಹೆಸರು ಆ ಸಾಲಿನಲ್ಲಿ ಇಲ್ಲ.