ಪಿಯಾನೊ ನುಡಿಸಿದ ಮಹಾರಾಜ: ಜಯಚಾಮರಾಜ ಒಡೆಯರ್

ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲೂಕಿನಲ್ಲಿ, ಕಾವೇರಿ ಧುಮುಕುವ ಶಿವನಸಮುದ್ರದ ಬಳಿ ಬ್ಲಫ್ ಎಂಬ ಪುಟ್ಟ ಊರಿದೆ. ಜಲಪಾತ ನೋಡಲು ಕರಾವಳಿಯಿಂದ ಹೋಗುವವರಲ್ಲಿ ಹಲವರು ಇಲ್ಲಿನ ವಿದ್ಯುತ್ ಕೇಂದ್ರವನ್ನೂ ಕಂಡಿರುತ್ತಾರೆ. 1902ರಲ್ಲಿ ಇಲ್ಲಿಂದಲೇ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು. ಕಾವೇರಿಯ ನೀರಿಗೆ ವಿದೇಶದ ಯಂತ್ರಗಳನ್ನು ಜೋಡಿಸಿ ಈ ಸಾಹಸ ಮಾಡಿದ್ದು ಮೈಸೂರು ಸಂಸ್ಥಾನ. ಅದೇ ಸಂಸ್ಥಾನದ ಕೊನೆಯ ಮಹಾರಾಜರು ಸಂಗೀತದಲ್ಲಿಯೂ ಎರಡು ನಾಡುಗಳ ವಿದ್ಯೆಯನ್ನು ಒಲಿಸಿಕೊಂಡವರು.

ಜಯಚಾಮರಾಜ ಒಡೆಯರ್ ಅವರು 1919ರ ಜುಲೈ 18ರಂದು ಮೈಸೂರಿನಲ್ಲಿ ಜನಿಸಿದರು. ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್, ತಾಯಿ ಕೆಂಪು ಚೆಲುವಾಜಮ್ಮಣ್ಣಿ. ಅರಮನೆಯಲ್ಲಿ ವೀಣೆಯ ನಾದವೂ ಇತ್ತು, ಪಾಶ್ಚಾತ್ಯ ವಾದ್ಯವೃಂದವೂ ಇತ್ತು. ಬಾಲಕನ ಮನಸ್ಸು ಮೊದಲು ಒಲಿದದ್ದು ಪಿಯಾನೊಗೆ. ವೇದಿಕೆಯ ಮೇಲೆ ಕಛೇರಿ ನೀಡುವ ಪಿಯಾನೊ ವಾದಕನಾಗಬೇಕು ಎಂಬುದೇ ಅವರ ಆಸೆಯಾಗಿತ್ತು. ಮುಂದೆ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿಯೂ ಟ್ರಿನಿಟಿ ಸಂಗೀತ ಕಾಲೇಜಿನ ಗೌರವ ಫೆಲೊ ಸ್ಥಾನವೂ ಅವರಿಗೆ ದೊರೆತವು.

ಆದರೆ 1940ರ ವರ್ಷ ಎಲ್ಲವನ್ನೂ ಬದಲಿಸಿತು. ಮಾರ್ಚ್ ತಿಂಗಳಲ್ಲಿ ತಂದೆ ತೀರಿಕೊಂಡರು. ಆಗಸ್ಟ್ ತಿಂಗಳಲ್ಲಿ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರೂ ನಿಧನರಾದರು. ಸೆಪ್ಟೆಂಬರಿನಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ, ಜಯಚಾಮರಾಜರು ಸಿಂಹಾಸನವೇರಿದರು. ಪಿಯಾನೊ ವಾದಕನಾಗುವ ಕನಸು ಅಲ್ಲಿಗೆ ಮುಗಿಯಿತು.

ಕನಸು ಮುರಿದಾಗ ಕಹಿಯಾಗುವವರು ಉಂಟು. ಇವರು ತಮ್ಮ ಪ್ರೀತಿಯನ್ನು ಬೇರೊಬ್ಬರ ಸಂಗೀತಕ್ಕೆ ಧಾರೆಯೆರೆದರು. ರಷ್ಯಾದ ಪಿಯಾನೊ ವಾದಕ ಹಾಗೂ ರಚನಕಾರ ನಿಕೊಲಾಯ್ ಮೆಟ್ನರ್ ಲಂಡನ್ನಿನಲ್ಲಿ ಮುಪ್ಪು, ಕಾಯಿಲೆಗಳ ನಡುವೆ ಜನರ ಮರೆವಿಗೆ ಸರಿಯುತ್ತಿದ್ದರು. ಮಹಾರಾಜರ ಧನಸಹಾಯದಿಂದ ಮೆಟ್ನರ್ ಸೊಸೈಟಿ ರೂಪುಗೊಂಡಿತು. ಮೆಟ್ನರ್ ತಮ್ಮ ಮೂರು ಪಿಯಾನೊ ಕನ್ಸರ್ಟೊಗಳನ್ನು ಫಿಲ್‌ಹಾರ್ಮೋನಿಯಾ ವಾದ್ಯವೃಂದದೊಂದಿಗೆ ತಾವೇ ನುಡಿಸಿ ಧ್ವನಿಮುದ್ರಿಸಿದರು. ಮೂರನೆಯ ಕನ್ಸರ್ಟೊವನ್ನು ಕೃತಜ್ಞತೆಯಿಂದ ಮೈಸೂರು ಮಹಾರಾಜರಿಗೆ ಅರ್ಪಿಸಿದರು. 1951ರಲ್ಲಿ ಮೆಟ್ನರ್ ಕಣ್ಮುಚ್ಚಿದರು. ಅವರ ಬೆರಳುಗಳ ನಾದ ಮಾತ್ರ ಇಂದಿಗೂ ಕೇಳಲು ಸಿಗುತ್ತದೆ.

ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಒಡೆಯರೇ. ಜರ್ಮನಿಯ ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಗೀತೆಗಳು 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಬಾರಿಗೆ ಕೇಳಿಬಂದದ್ದು ಅವರ ನೆರವಿನಿಂದ.

ಇಷ್ಟರಲ್ಲಿ ಅವರ ಮನಸ್ಸು ಮನೆಯಂಗಳದ ಸಂಗೀತದ ಕಡೆಗೂ ತಿರುಗಿತ್ತು. ಆಸ್ಥಾನ ವಿದ್ವಾಂಸರಾದ ಮೈಸೂರು ವಾಸುದೇವಾಚಾರ್ಯರ ಮಾರ್ಗದರ್ಶನದಲ್ಲಿ ಕರ್ನಾಟಕ ಸಂಗೀತವನ್ನು ಆಳವಾಗಿ ಅಭ್ಯಾಸ ಮಾಡಿದರು. ದೇವಿಯ ಉಪಾಸಕರಾಗಿದ್ದ ಅವರು ಶ್ರೀವಿದ್ಯಾ ಎಂಬ ಅಂಕಿತದಲ್ಲಿ ಸಂಸ್ಕೃತದಲ್ಲಿ 94 ಕೃತಿಗಳನ್ನು ರಚಿಸಿದರು. ಇವುಗಳಲ್ಲಿ ಹಲವು ಅಪರೂಪದ ರಾಗಗಳಲ್ಲಿವೆ. ಪಿಯಾನೊ ಬಲ್ಲವರಾದರೂ ಅದರ ಸ್ವರಮೇಳವನ್ನು ಕೃತಿಗಳ ಮೇಲೆ ಹೇರಲಿಲ್ಲ. ಪಲ್ಲವಿ, ಅನುಪಲ್ಲವಿ, ಚರಣಗಳ ಚೌಕಟ್ಟು ಹಾಗೆಯೇ ಉಳಿಯಿತು. ಎರಡು ಸಂಗೀತಗಳೂ ಒಬ್ಬನೇ ವ್ಯಕ್ತಿಯಲ್ಲಿ ತಮ್ಮ ತಮ್ಮ ಮರ್ಯಾದೆ ಉಳಿಸಿಕೊಂಡು ಬಾಳಿದವು.

1947ರಲ್ಲಿ ಅವರು ಸಂಸ್ಥಾನವನ್ನು ಭಾರತದ ಒಕ್ಕೂಟಕ್ಕೆ ಸೇರಿಸಿದರು. ರಾಜಪ್ರಮುಖರಾಗಿ, 1956ರಿಂದ ಮೈಸೂರು ರಾಜ್ಯದ ರಾಜ್ಯಪಾಲರಾಗಿ, ಆನಂತರ ಮದ್ರಾಸಿನ ರಾಜ್ಯಪಾಲರಾಗಿ ಸೇವೆ ಸಲ್ಲಿಸಿದರು. 1966ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಫೆಲೊ ಗೌರವ ಅವರಿಗೆ ಸಂದಿತು. 1974ರ ಸೆಪ್ಟೆಂಬರ್ 23ರಂದು, 55ನೇ ವಯಸ್ಸಿನಲ್ಲಿ ನಿಧನರಾದರು.

ಇಂತಹ ಸಂಪತ್ತು ನಮ್ಮಲ್ಲಿ ಯಾರಿಗೂ ಇಲ್ಲ, ನಿಜ. ಆದರೆ ಮನೆಯ ಜವಾಬ್ದಾರಿಗಾಗಿ ಪಿಟೀಲು, ಕೀಬೋರ್ಡುಗಳನ್ನು ಬದಿಗಿಟ್ಟವರು ನಮ್ಮ ಗಾಯನ ಮಂಡಳಿಗಳಲ್ಲಿಯೂ ಇದ್ದಾರೆ. ತಾನು ನುಡಿಸಲಾಗದಿದ್ದರೂ ಇನ್ನೊಬ್ಬರು ನುಡಿಸುವಂತೆ ಮಾಡಬಹುದು. ತಡವಾದರೂ ಹೊಸದೊಂದನ್ನು ಕಲಿಯಬಹುದು. ಒಡೆಯರ ಬದುಕು ಅವರಿಗೆ ಹೇಳುವುದು ಇದನ್ನೇ.