ಡೀಸೆಲ್ ಎಂಬುದು ಒಬ್ಬ ಮನುಷ್ಯನ ಹೆಸರು

ನಮ್ಮೂರು ಹನುಮನಹಳ್ಳಿ. ಅಬ್ಬಾ ಹಳೆಯ ಡೀಸೆಲ್ ಗಾಡಿಯಲ್ಲಿ ಭತ್ತದ ಚೀಲಗಳನ್ನು ಗಂಗಾವತಿಯ ರೈಸ್ ಮಿಲ್‌ಗಳಿಗೆ ಸಾಗಿಸುತ್ತಾರೆ. ನಾನು ಕಾಮರ್ಸ್ ಓದುತ್ತೇನೆಂದು ಲೆಕ್ಕದ ಪುಸ್ತಕವನ್ನು ನನಗೆ ಒಪ್ಪಿಸಿದ್ದಾರೆ. ಅದರ ಖರ್ಚಿನ ಬದಿಯಲ್ಲಿ ಮತ್ತೆ ಮತ್ತೆ ಬರುವ ಪದ ಡೀಸೆಲ್. ಅದು ಎಣ್ಣೆಯ ಹೆಸರೆಂದೇ ತಿಳಿದಿದ್ದೆ. ಒಬ್ಬ ಮನುಷ್ಯನ ಹೆಸರೆಂದು ಗೊತ್ತಾದಾಗ ಅವರ ಜೀವನವನ್ನು ಹುಡುಕಿ ಓದಿದೆ.

ರುಡಾಲ್ಫ್ ಡೀಸೆಲ್ 1858ರ ಮಾರ್ಚ್ 18ರಂದು ಪ್ಯಾರಿಸ್‌ನಲ್ಲಿ ಹುಟ್ಟಿದರು. ತಂದೆತಾಯಿ ಜರ್ಮನ್ನರು, ತಂದೆ ಚರ್ಮದ ವಸ್ತುಗಳನ್ನು ಮಾಡುತ್ತಿದ್ದರು. ಮನೆಯಲ್ಲೊಂದು ಭಾಷೆ, ಬೀದಿಯಲ್ಲೊಂದು ಭಾಷೆ. ಮನೆಯಲ್ಲಿ ಉರ್ದು, ಹೊರಗೆ ಕನ್ನಡ ಆಡುವ ನನಗೆ ಇದು ಹೊಸದೆನಿಸಲಿಲ್ಲ. 1870ರಲ್ಲಿ ಫ್ರೆಂಚರಿಗೂ ಜರ್ಮನ್ನರಿಗೂ ಯುದ್ಧ ಶುರುವಾಗಿ, ಕುಟುಂಬ ಊರು ಬಿಟ್ಟು ಲಂಡನ್ ಸೇರಬೇಕಾಯಿತು. ಹನ್ನೆರಡು ವರ್ಷದ ರುಡಾಲ್ಫ್‌ನನ್ನು ಓದಲೆಂದು ಜರ್ಮನಿಯ ಔಗ್ಸ್‌ಬರ್ಗ್‌ನಲ್ಲಿದ್ದ ಬಂಧುಗಳ ಮನೆಗೆ ಕಳಿಸಿದರು.

ಮುಂದೆ ಮ್ಯೂನಿಕ್‌ನ ತಾಂತ್ರಿಕ ಕಾಲೇಜಿನಲ್ಲಿ ಕಾರ್ಲ್ ಫಾನ್ ಲಿಂಡೆ ಅವರಿಗೆ ಗುರುಗಳಾದರು. ಉಗಿಯಂತ್ರ ಕಲ್ಲಿದ್ದಲಿನ ಶಾಖದಲ್ಲಿ ಹತ್ತರಲ್ಲೊಂದು ಪಾಲನ್ನು ಸಹ ಕೆಲಸಕ್ಕೆ ತರುವುದು ಕಷ್ಟ, ಉಳಿದದ್ದೆಲ್ಲ ಗಾಳಿಪಾಲು ಎಂಬ ಪಾಠ ಅವರ ಮನಸ್ಸಿನಲ್ಲಿ ಕೂತುಬಿಟ್ಟಿತು. ನೂರು ರೂಪಾಯಿ ಹಾಕಿ ತೊಂಬತ್ತು ಕಳೆದುಕೊಂಡಂತೆ. ನಮ್ಮ ಅಮ್ಮಿ ಇಂಥದಕ್ಕೆ ಫಿಜೂಲ್ ಖರ್ಚು ಎನ್ನುತ್ತಾರೆ. ಆ ನಷ್ಟವನ್ನು ಕಡಿಮೆ ಮಾಡುವುದೇ ರುಡಾಲ್ಫ್ ಅವರ ಜೀವನದ ಕೆಲಸವಾಯಿತು.

ಸೈಕಲ್‌ಗೆ ಗಾಳಿ ಹೊಡೆಯುವಾಗ ಪಂಪು ಬಿಸಿಯಾಗುವುದನ್ನು ನಾವೆಲ್ಲ ನೋಡಿದ್ದೇವೆ. ಅವರ ಉಪಾಯದ ಮೂಲವೂ ಅದೇ. ಸಿಲಿಂಡರ್‌ನಲ್ಲಿ ಗಾಳಿಯನ್ನು ಬಲವಾಗಿ ಒತ್ತಿದರೆ ಅದು ಕೆಂಡದಂತೆ ಕಾಯುತ್ತದೆ. ಆಗ ಎಣ್ಣೆ ಚಿಮ್ಮಿಸಿದರೆ ಕಿಡಿಯ ಹಂಗಿಲ್ಲದೆ ತಾನೇ ಹೊತ್ತಿಕೊಳ್ಳುತ್ತದೆ. ಹೆಚ್ಚು ಒತ್ತಿದಷ್ಟೂ ಅದೇ ಎಣ್ಣೆಯಿಂದ ಹೆಚ್ಚು ಕೆಲಸ ಸಿಗುತ್ತದೆ. 1893ರಲ್ಲಿ ಪೇಟೆಂಟ್ ದೊರೆಯಿತು. ಅದೇ ವರ್ಷ ಔಗ್ಸ್‌ಬರ್ಗ್‌ನ ಕಾರ್ಖಾನೆಯಲ್ಲಿ ನಡೆದ ಮೊದಲ ಪರೀಕ್ಷೆಯಲ್ಲಿ ಒತ್ತಡ ಅಳೆಯುವ ಉಪಕರಣವೇ ಸಿಡಿಯಿತು. ಅವರು ಹಿಂದೆ ಸರಿಯಲಿಲ್ಲ. 1897ರ ಫೆಬ್ರವರಿಯಲ್ಲಿ ಪ್ರೊಫೆಸರೊಬ್ಬರು ಅಳತೆ ಮಾಡಿ ನೋಡಿದಾಗ ಎಂಜಿನ್ ಶಾಖದ 26.2 ಶೇಕಡಾ ಪಾಲನ್ನು ಕೆಲಸವಾಗಿಸಿತ್ತು. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಇಂಥದೇ ಒಂದು ಎಂಜಿನ್ ಶೇಂಗಾ ಎಣ್ಣೆಯಿಂದ ಓಡಿತು. ಹೌದು, ನಮ್ಮ ಕುಷ್ಟಗಿ, ಯಲಬುರ್ಗಾ ಕಡೆ ಬೆಳೆಯುವ ಅದೇ ಶೇಂಗಾ.

ಎಂಜಿನ್ನಿನ ನಷ್ಟವನ್ನು ಅಷ್ಟು ಚೆನ್ನಾಗಿ ಹಿಡಿದವರಿಗೆ ತಮ್ಮ ಮನೆಯ ಲೆಕ್ಕ ಮಾತ್ರ ಹಿಡಿತಕ್ಕೆ ಸಿಗಲಿಲ್ಲ. ಬಂದ ದೊಡ್ಡ ಹಣ ಜಮೀನಿನಂಥ ವ್ಯವಹಾರಗಳಲ್ಲಿ ಕರಗಿತು. ಪೇಟೆಂಟ್ ಜಗಳಗಳು, ಕಾಯಿಲೆ ಅವರನ್ನು ಹಣ್ಣು ಮಾಡಿದವು. 1913ರ ಸೆಪ್ಟೆಂಬರ್ 29ರ ರಾತ್ರಿ ಇಂಗ್ಲೆಂಡಿಗೆ ಹೊರಟ ಡ್ರೆಸ್ಡೆನ್ ಎಂಬ ಹಡಗಿನಿಂದ ಅವರು ಕಾಣೆಯಾದರು. ಹತ್ತು ದಿನಗಳ ನಂತರ ಸಮುದ್ರದಲ್ಲಿ ಶವ ಸಿಕ್ಕಿತು. ಸಾವು ಹೇಗಾಯಿತೆಂಬುದು ಇಂದಿಗೂ ತೀರ್ಮಾನವಾಗಿಲ್ಲ. ಆಗ ಅವರಿಗೆ 55 ವರ್ಷ. ಮನೆಯವರ ಪಾಲಿಗೆ ಉಳಿದದ್ದು ಸಾಲ.

ತಮ್ಮ ಎಂಜಿನ್ ಕಾರುಗಳಲ್ಲಿ ಓಡುವುದನ್ನು ಅವರು ನೋಡಲಿಲ್ಲ. ಮರ್ಸಿಡಿಸ್ ಬೆಂಜ್ 260 ಡಿ ಎಂಬ ಡೀಸೆಲ್ ಕಾರು ಬಂದದ್ದು 1936ರಲ್ಲಿ. ಆದರೆ ಉಳಿತಾಯದ ಜೊತೆಗೆ ಹೊಸ ಬಾಕಿಯೂ ಬಂತು. ಎಣ್ಣೆ ಪೂರ್ತಿ ಉರಿಯದ ಕಡೆ ಮಸಿ. ಉರಿ ಅತಿಯಾಗಿ ಕಾದ ಕಡೆ ಗಾಳಿಯ ಸಾರಜನಕ ಆಮ್ಲಜನಕಗಳು ಕೂಡಿ ಶ್ವಾಸಕೋಶ ಕೆಡಿಸುವ ಅನಿಲ. ಒಂದನ್ನು ತಗ್ಗಿಸಲು ಹೋದರೆ ಇನ್ನೊಂದು ಏರುತ್ತದೆ. ಅದಕ್ಕೇ ಇಂದಿನ ಕಾರು ತಯಾರಕರು ಎಣ್ಣೆಯನ್ನು ಹೆಚ್ಚು ಒತ್ತಡದಲ್ಲಿ ಸಣ್ಣ ಹನಿಗಳಾಗಿ, ಹಲವು ಕಂತುಗಳಲ್ಲಿ ಚಿಮ್ಮಿಸುತ್ತಾರೆ. ಟರ್ಬೋದಿಂದ ಹೆಚ್ಚು ಗಾಳಿ ತುಂಬುತ್ತಾರೆ, ಸ್ವಲ್ಪ ಹೊಗೆಯನ್ನು ಎಂಜಿನ್ನಿಗೇ ಮರಳಿಸಿ ಉರಿಯನ್ನು ತಣಿಸುತ್ತಾರೆ, ಮಸಿಯನ್ನು ಫಿಲ್ಟರ್‌ನಲ್ಲಿ ಹಿಡಿಯುತ್ತಾರೆ. 2020ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಬಿಎಸ್-6 ನಿಯಮ ಬಂದಾಗ, ಡೀಸೆಲ್ ಕಾರು ಆ ಅನಿಲವನ್ನು ಕಿಲೋಮೀಟರಿಗೆ 0.25 ಗ್ರಾಂ ಬಿಡಬಹುದೆಂದಿದ್ದ ಮಿತಿ 0.08ಕ್ಕೆ ಇಳಿಯಿತು.

ಈ ಲೆಕ್ಕದಲ್ಲೂ ಮೋಸ ನಡೆದಿದೆ. ಪರೀಕ್ಷೆಯಲ್ಲಿ ಮಾತ್ರ ಕಡಿಮೆ ಹೊಗೆ ತೋರಿಸುವ ಸಾಫ್ಟ್‌ವೇರ್ ಹಾಕಿದ್ದನ್ನು 2015ರಲ್ಲಿ ಫೋಕ್ಸ್‌ವ್ಯಾಗನ್ ಕಂಪನಿ ಒಪ್ಪಿಕೊಂಡಿತು. ಆಡಿಟರ್‌ಗೆ ಒಂದು ಪುಸ್ತಕ, ಮನೆಯಲ್ಲಿ ಇನ್ನೊಂದು ಪುಸ್ತಕ ಇಟ್ಟಂತೆ.

ಅಷ್ಟು ಒತ್ತಡ ತಾಳಲು ಗಟ್ಟಿ ಕಬ್ಬಿಣ ಬೇಕು. ನಮ್ಮ ಜಿಲ್ಲೆಯ ಬೇವಿನಹಳ್ಳಿಯ ಕಿರ್ಲೋಸ್ಕರ್ ಫೆರಸ್ ಕಾರ್ಖಾನೆಯಲ್ಲಿ ಎಂಜಿನ್‌ಗಳ ಸಿಲಿಂಡರ್ ಬ್ಲಾಕ್, ಹೆಡ್‌ಗಳನ್ನು ಎರಕ ಹೊಯ್ಯುತ್ತಾರೆ. ಔಗ್ಸ್‌ಬರ್ಗ್ ನಮಗೆ ಅಷ್ಟೇನೂ ದೂರವಿಲ್ಲ.

ಹಳೆಯ ಗಾಡಿ ಕೊಟ್ಟು, ಸಾಲ ಮಾಡಿ ಹೊಸದು ತರಬೇಕೇ ಎಂದು ಅಬ್ಬಾ ಯೋಚಿಸುತ್ತಿದ್ದಾರೆ. ಹೊಸ ಗಾಡಿ ಉಳಿಸುವ ಎಣ್ಣೆ ಸಾಲದ ಕಂತಿಗೆ ಸಾಕಾಗುತ್ತದೆಯೇ? ರುಡಾಲ್ಫ್ ಅವರ ಕಥೆ ಓದಿದ ಮೇಲೆ ಎರಡೂ ಲೆಕ್ಕಗಳನ್ನು ಜೊತೆಗೇ ನೋಡಬೇಕೆನಿಸಿದೆ. ಪುಸ್ತಕದಲ್ಲಿ ಲೀಟರಿಗೆ ಎಷ್ಟು ಕಿಲೋಮೀಟರ್ ಎಂಬ ಹೊಸ ಕಾಲಂ ಎಳೆದಿದ್ದೇನೆ. ಮೂರು ತಿಂಗಳು ತುಂಬಲಿ, ಆಮೇಲೆ ಅಬ್ಬಾ ಮುಂದೆ ಇಡುತ್ತೇನೆ.