ಎಡೆದೊರೆ ನಾಡು ಮತ್ತು ಕೃಷ್ಣದೇವರಾಯ

ಕೃಷ್ಣಾ, ತುಂಗಭದ್ರಾ ನದಿಗಳ ನಡುವಣ ಫಲವತ್ತಾದ ಭೂಭಾಗವೇ ಎಡೆದೊರೆ ನಾಡು. ಎರಡು ಹೊಳೆಗಳು ಬಳಸಿರುವ ಈ ನಾಡು ದ್ವೀಪದಂತೆ ತೋರುತ್ತದೆ. ಚಿನ್ನದ ಗಣಿಗೆ ಹೆಸರಾದ ಹಟ್ಟಿಯೂ ಮುದಗಲ್ಲು, ರಾಯಚೂರುಗಳ ಕೋಟೆಗಳೂ ಇಲ್ಲಿಯೇ ಇವೆ. ಈ ನೆಲಕ್ಕಾಗಿ ವಿಜಯನಗರವೂ ಬಹಮನಿ ರಾಜ್ಯವೂ ಹಲವು ತಲೆಮಾರು ಹೋರಾಡಿದವು. ಬಹಮನಿ ರಾಜ್ಯವು ಒಡೆದ ಮೇಲೆ ಆ ಹಗೆಯು ಬಿಜಾಪುರದ ಪಾಲಿಗೆ ಬಂದಿತು.

ತುಳುವ ನರಸನಾಯಕನ ಮಗನಾದ ಕೃಷ್ಣದೇವರಾಯನು 1509ರಲ್ಲಿ ಪಟ್ಟವೇರಿದನು. 1520ರಲ್ಲಿ ಅವನು ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದನು. ಕೋಟೆಯ ನೆರವಿಗೆ ಬಂದ ಇಸ್ಮಾಯಿಲ್ ಆದಿಲ್ ಷಹನ ಫಿರಂಗಿಗಳ ಹೊಡೆತಕ್ಕೆ ವಿಜಯನಗರದ ಮುಂಚೂಣಿಯ ಸೈನ್ಯವು ಹಿಮ್ಮೆಟ್ಟಿತು. ರಾಯನು ಎದೆಗುಂದದೆ ಕುದುರೆಯೇರಿ ತಾನೇ ಮುನ್ನುಗ್ಗಿದನು. ಷಹನು ಸೋತು ಕೃಷ್ಣೆಯನ್ನು ದಾಟಿ ಹಿಂದಿರುಗಿದನು. ಕೋಟೆಯನ್ನು ಪಡೆದ ರಾಯನು ಶರಣಾದ ಪುರಜನರಿಗೆ ಅಭಯವಿತ್ತನು.

ರಾಯನು 1529ರಲ್ಲಿ ಕಾಲವಾದನು. 1565ರ ರಕ್ಕಸತಂಗಡಿ ಯುದ್ಧದ ತರುವಾಯ ಈ ನಾಡು ಬಿಜಾಪುರದ ವಶವಾಯಿತು. ಕತ್ತಿಯಿಂದ ಗಳಿಸಿದ ಗಡಿಯು ಕತ್ತಿಯಿಂದಲೇ ಕಳೆದುಹೋಯಿತು. ಶರಣಾದವರಿಗೆ ರಾಯನು ತೋರಿದ ಕರುಣೆಯು ಮಾತ್ರ ಅವನ ಕೀರ್ತಿಯಾಗಿ ಉಳಿಯಿತು.